ಹಕಾರದ ಪುಟ

ನಮ್ಮ ಸೀಮೆಯ ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿನೋಡಿ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹೊಸಪೇಟೆ, ಹಂಪಿ. ಇವುಗಳ ನಡುವೆ ಕೂಡ್ಲಿಗಿ ತಾಲ್ಲೂಕಿನ ನಮ್ಮ ಹೊಸಹಳ್ಳಿ. ಕೂಡ್ಲಿಗಿ, ಕೊಟ್ಟೂರು ಎಂಬ ಎರಡು ‘ಕ’ಕಾರದ ಊರುಗಳು ಅಡ್ಡ ಬರದಿದ್ದರೆ ಬಸ್ ನಿಲ್ದಾಣದ ಬೋರ್ಡಿನ ಮೇಲೆ ಬರೀ ‘ಹ’ಕಾರವೇ ಇರುತ್ತಿತ್ತು. ಮಕ್ಕಳಿಗೆ ವರ್ಣಮಾಲೆಯ ಕೊನೆಯ ಸಾಲು ಕಲಿಸುವಾಗ ನನಗೆ ಉದಾಹರಣೆ ಹುಡುಕುವ ತಾಪತ್ರಯವೇ ಇರಲಿಲ್ಲ. ಊರ ಹೆಸರು ಹೇಳಿರೋ ಎಂದರೆ ಸಾಕಾಗುತ್ತಿತ್ತು.

ಈ ಅಕ್ಷರ ನನ್ನನ್ನು ಮತ್ತೆ ಯೋಚನೆಗೆ ಹಚ್ಚಿದ್ದು ಹೆಂಗಸರ ಹಾಡಿನ ಪುಸ್ತಕಗಳಿಂದ. ಪುಸ್ತಕ ಎಂದರೆ ಅಚ್ಚಾದದ್ದಲ್ಲ. ಮಕ್ಕಳು ಅರ್ಧ ಬರೆದು ಬಿಟ್ಟ ನೋಟುಬುಕ್ಕು, ಯಾವುದೋ ಅಂಗಡಿಯವರು ಕೊಟ್ಟ ಹಳೆಯ ಡೈರಿ, ಹೊಲಿದು ಕಟ್ಟಿದ ಕಾಗದದ ಕಟ್ಟು. ನಮ್ಮ ಕಡೆ ಹಾಡು ಬಲ್ಲ ಹೆಂಗಸರ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯ ಕೆಳಗೆ ಇಂಥದೊಂದು ಇದ್ದೇ ಇರುತ್ತದೆ. ಮೇಲೆ ‘ಶ್ರೀ’ ಎಂದು ಬರೆದು, ಅರಿಶಿನದ ಬೊಟ್ಟು ಇಟ್ಟು, ಒಳಗೆ ಒಂದಾದ ಮೇಲೊಂದು ಹಾಡು. ಈ ಹಾಡುಗಳಿಗೆ ಶೀರ್ಷಿಕೆ ಇರುವುದಿಲ್ಲ. ಹಾಡಿನ ಮೊದಲ ಮಾತೇ ಹಾಡಿನ ಹೆಸರು. ದಾಸರ ಪದಕ್ಕೂ ಅಷ್ಟೆ, ಸೋಬಾನೆಗೂ ಅಷ್ಟೆ. ಮದುವೆಯ ಮನೆಯಲ್ಲಿ ಹಿರಿಯಳೊಬ್ಬಳು, “ಏ ಅವ್ವಾ, ಆ ಹೂವಿಂದು ಸುರು ಮಾಡ್ರೆ” ಎನ್ನುತ್ತಾಳೆ. ಇನ್ನೊಬ್ಬಳು “ಹೂ” ಎಂದು ಸೊಲ್ಲು ಎತ್ತಿದರೆ ಸಾಕು, ಹತ್ತು ಕೊರಳು ಕೂಡಿಕೊಳ್ಳುತ್ತವೆ. ಮೊದಲ ಅಕ್ಷರ ಸಿಕ್ಕಿತೆಂದರೆ ಹಾಡು ಸಿಕ್ಕಿದ ಹಾಗೆ. ಅದು ಸಿಗದಿದ್ದರೆ ನಡುವಿನ ನಾಲ್ಕು ನುಡಿ ಬಾಯಿಗೆ ಬರುತ್ತಿದ್ದರೂ ಹಾಡು ಬಾರದು.

ಇಂಥ ಕೆಲವು ಪುಸ್ತಕಗಳನ್ನು ಕೇಳಿ ತಂದು, ಹಾಡುಗಳನ್ನು ಮೊದಲ ಅಕ್ಷರದ ಪ್ರಕಾರ ಜೋಡಿಸತೊಡಗಿದೆ. ಜೋಡಿಸುವಾಗ ಒಂದು ಮಾತು ಹೊಳೆಯಿತು. ಒಂದೇ ಅಕ್ಷರದಿಂದ ಶುರುವಾಗುವ ಹಾಡುಗಳು ಬಹಳ ಸಲ ಒಂದೇ ಕೆಲಸದ ಹಾಡುಗಳಾಗಿರುತ್ತವೆ. ‘ಜೋ’ ಎಂದರೆ ತೊಟ್ಟಿಲು. ‘ಏ’ ಎಂದರೆ ಬೆಳಗಿನ ಜಾವ ದೇವರನ್ನೂ ಮಕ್ಕಳನ್ನೂ ಎಬ್ಬಿಸುವ ಹಾಡು. ‘ಬಾ’ ಎಂದರೆ ಶುಕ್ರವಾರ ಲಕ್ಷ್ಮಿಯನ್ನು ಕರೆಯುವುದು. ‘ಮಂ’ ಎಂದರೆ ಮಂಗಳ, ಇನ್ನು ಎದ್ದು ಎಲೆಯಡಿಕೆ ತೆಗೆದುಕೊಳ್ಳಿ ಎಂದು ಅರ್ಥ. ಆದರೆ ‘ಹ’ಕಾರದ ಪುಟ ಮಾತ್ರ ಹೀಗೆ ಒಂದು ಕೆಲಸಕ್ಕೆ ನಿಲ್ಲಲಿಲ್ಲ. ಹರಿ, ಹರ, ಹನುಮ ಎಂದು ದೇವರು ಒಂದು ಕಡೆ. ಇನ್ನೊಂದು ಕಡೆ ಹಸೆಗೆ ಕರೆಯುವುದು, ಕುಬಸದಲ್ಲಿ ಹೂ ಮುಡಿಸುವುದು, ಹಾಲು ಹಣ್ಣು ಕೊಡುವುದು, ಹಬ್ಬ, ಹರಕೆ, ಹೊಲ, ಹೆಣ್ಣು ಹೆತ್ತವಳ ಸಂಕಟ. ಮನೆಯೇ ಬಂದು ಆ ಒಂದು ಪುಟದಲ್ಲಿ ಕೂತಿತ್ತು.

ಇದಕ್ಕೆ ಕಾರಣ ಇದೆ. ಕಾರಣ ಸಾವಿರ ವರ್ಷದಷ್ಟು ಹಳೆಯದು.

ಹಳಗನ್ನಡ ಓದಿದವರಿಗೆ ಗೊತ್ತಿರುತ್ತದೆ, ಈ ಮನೆಮಾತುಗಳಲ್ಲಿ ಹೆಚ್ಚಿನವು ಮೊದಲು ‘ಪ’ಕಾರದವು. ಹಾಲು ‘ಪಾಲ್’ ಆಗಿತ್ತು. ಹೂವು ‘ಪೂ’, ಹಣ್ಣು ‘ಪಣ್’, ಹೆಣ್ಣು ‘ಪೆಣ್’. ಹಸೆಮಣೆಯ ಹಸೆ ‘ಪಸೆ’. ಸಂಸ್ಕೃತದ ‘ಪರ್ವ’ ನಮ್ಮವರ ಬಾಯಲ್ಲಿ ‘ಪಬ್ಬ’ವಾಗಿ, ಆಮೇಲೆ ‘ಹಬ್ಬ’ವಾಯಿತು. ನಾವು ಹಾಡುವ ಹಾಡು ಕೂಡ ‘ಪಾಡು’. ಊರುಗಳೂ ಹಾಗೆಯೇ. ಪಂಪೆ ಹಂಪೆಯಾದದ್ದನ್ನು ಎಲ್ಲರೂ ಬಲ್ಲರು. ನಮ್ಮ ಹೊಸಹಳ್ಳಿ ಆಗ ಇದ್ದಿದ್ದರೆ ಅದನ್ನು ‘ಪೊಸಪಳ್ಳಿ’ ಎಂದು ಕರೆಯುತ್ತಿದ್ದರು. ಬಸ್ಸಿನ ಬೋರ್ಡಿನ ಮೇಲೆ ಇಷ್ಟೊಂದು ಹಕಾರ ಸೇರಿದ್ದರ ಗುಟ್ಟು ಇದು.

ಪಂಪ ತನ್ನ ಕಾವ್ಯ ಬರೆದ 941ರ ಹೊತ್ತಿಗೆ ಬರವಣಿಗೆಯಲ್ಲಿ ಪಕಾರದ್ದೇ ರಾಜ್ಯ. ಆಮೇಲಿನ ಶತಮಾನಗಳ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ತಲೆಹಾಕುತ್ತದೆ. ಕ್ರಮೇಣ ಹೆಚ್ಚುತ್ತದೆ. ನಡುಗನ್ನಡದ ಹೊತ್ತಿಗೆ ಮನೆಯಲ್ಲೆಲ್ಲ ಹಕಾರವೇ. ಹೀಗೆ ಆಗುವುದು ಬಾಯಿಯ ಸೋಮಾರಿತನವೆಂದು ಬಯ್ಯಬಾರದು. ಅಂಗೈಯನ್ನು ತುಟಿಯ ಮುಂದೆ ಹಿಡಿದು ‘ಪ’ ಎನ್ನಿ. ತುಟಿ ಕೂಡಿ ಬಿಡುತ್ತದೆ, ಗಾಳಿ ಒಮ್ಮೆಲೇ ಬಡಿಯುತ್ತದೆ. ತುಟಿಯನ್ನು ಪೂರಾ ಕೂಡಿಸದೆ ಎನ್ನಿ, ‘ಫ’ದ ಹಾಗೆ ಆಗುತ್ತದೆ. ತುಟಿಯನ್ನು ಬಿಟ್ಟೇ ಬಿಡಿ, ಬರೀ ಉಸಿರು ಉಳಿಯುತ್ತದೆ, ಅದೇ ‘ಹ’. ತರಗತಿಯಲ್ಲಿ ಇದನ್ನು ಮಾಡಿಸಿದಾಗಲೆಲ್ಲ ಮಕ್ಕಳು ನಗುತ್ತ ಕಲಿತಿದ್ದಾರೆ. ಮಾತಿನ ನಡುವೆ ಒತ್ತಿಕೊಂಡು ಕೂತ ಪಕಾರ ಕದಲಲಿಲ್ಲ. ಅಪ್ಪ, ಉಪ್ಪು, ತುಪ್ಪ, ಸೊಪ್ಪು ಹಾಗೆಯೇ ಉಳಿದವು. ಸಂಸ್ಕೃತದಿಂದ ಹಾಗೇ ಎತ್ತಿಕೊಂಡ ಪೂಜೆ, ಪಾದ, ಪುಣ್ಯಗಳೂ ಉಳಿದವು. ಆದ್ದರಿಂದಲೇ ಹೆಂಗಸರ ಪುಸ್ತಕದಲ್ಲಿ ಪಕಾರದ ಪುಟ ತೆಗೆದರೆ ಪಾರ್ವತಿ, ಪಾಲಿಸು, ಪವಮಾನ ಎಂದು ದೇವರಮನೆ ಕಾಣುತ್ತದೆ. ಹಕಾರದ ಪುಟ ತೆಗೆದರೆ ಅಡಿಗೆಮನೆ, ಹಿತ್ತಿಲು, ಕಣ ಕಾಣುತ್ತವೆ.

ಬದಲಾವಣೆಯನ್ನು ಎಲ್ಲರೂ ಒಟ್ಟಿಗೆ ಒಪ್ಪಲಿಲ್ಲ. ಆಡುಮಾತು ಹಕಾರಕ್ಕೆ ಬಂದ ಎಷ್ಟೋ ಕಾಲದ ಮೇಲೂ ಚಂಪೂ ಕವಿಗಳು ಪಕಾರ ಬಿಡಲಿಲ್ಲ. 17ನೆಯ ಶತಮಾನದ ಷಡಕ್ಷರದೇವ ಹಳಗನ್ನಡದಲ್ಲೇ ಬರೆದ. ಅಷ್ಟೇಕೆ, ಮೊನ್ನೆ ಮೊನ್ನೆಯ ಮುದ್ದಣ (1870–1901) ‘ರಾಮಾಶ್ವಮೇಧ’ವನ್ನು ಯಾರೂ ಆಡದ ಹಳಗನ್ನಡದಲ್ಲಿ ಹೇಳಿದ. ಹೇಳಿಸಿಕೊಂಡ ಮನೋರಮೆ ನಡುನಡುವೆ ಗಂಡನನ್ನು ತಡೆದು, ತಿಳಿಯುವ ಹಾಗೆ ಹೇಳು ಎಂದು ಚುಚ್ಚುವುದನ್ನು ಓದಿದಾಗಲೆಲ್ಲ ನನಗೆ ಸಂತೋಷ. ಬರೆಯುವ ಗಂಡಸಿನ ಕೈಯಲ್ಲಿ ‘ಪಾಲ್’, ಕಾಯಿಸುವ ಹೆಂಗಸಿನ ಬಾಯಲ್ಲಿ ‘ಹಾಲು’. ನಮ್ಮ ಭಾಷೆ ಬಹುಕಾಲ ಹೀಗೆ ಎರಡು ಮನೆ ಮಾಡಿಕೊಂಡಿತ್ತು. ಹಾಡುವವರು ಮಾತ್ರ ಎರಡನೆಯ ಮನೆಯಲ್ಲಿದ್ದರು. ವಚನಕಾರರ ಮತ್ತು ದಾಸರ ಹಾಡು ಜನರ ಬಾಯಿಗೆ ಹತ್ತಿದ್ದಕ್ಕೆ ಇದೂ ಒಂದು ಕಾರಣ.

ಆ ಸಾಲಿನಲ್ಲಿ ನಮ್ಮವರೇ ಒಬ್ಬರಿದ್ದಾರೆ. ಹರಪನಹಳ್ಳಿ ಭೀಮವ್ವ (1823–1903). ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಹಾಡು ಕಟ್ಟಿದ ಹೆಂಗಸು. ಆಕೆಯ ಮುಯ್ಯದ ಹಾಡುಗಳನ್ನು ಕೇಳಿದರೆ ದೇವರ ಸಂಸಾರವೂ ನಮ್ಮ ಓಣಿಯ ಸಂಸಾರದಂತೆಯೇ ಕಾಣುತ್ತದೆ. ಆಕೆಗಿಂತ ಹಿಂದೆ, 18ನೆಯ ಶತಮಾನದಲ್ಲಿ, ರಾಣೆಬೆನ್ನೂರು ಕಡೆಯ ಹೆಳವನಕಟ್ಟೆ ಗಿರಿಯಮ್ಮ. ಆಕೆಯ ‘ಚಂದ್ರಹಾಸನ ಕಥೆ’ಯನ್ನು ಹಾಡುವವರು ಇಂದಿಗೂ ಇದ್ದಾರೆ. ಇಬ್ಬರ ಊರ ಹೆಸರೂ ಹಕಾರವೇ ಎಂಬುದು ಕಾಕತಾಳೀಯ. ಆದರೆ ಇಬ್ಬರ ಹಾಡೂ ಉಳಿದದ್ದು ಕಾಕತಾಳೀಯವಲ್ಲ. ದಾಸರ ಪದಗಳು ಅಚ್ಚಿಗೆ ಬಂದದ್ದೇ 1850ರ ಸುಮಾರಿಗೆ, ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಅವರ ಪ್ರಯತ್ನದಿಂದ. ಹೆಂಗಸರು ಕಟ್ಟಿದ ಹಾಡಿಗೆ ಆ ಭಾಗ್ಯ ಬಹಳ ತಡವಾಗಿ ಬಂತು. ಅಲ್ಲಿಯವರೆಗೆ ಅವನ್ನು ಕಾದದ್ದು ಬಾಯಿ ಮತ್ತು ಪೆಟ್ಟಿಗೆಯೊಳಗಿನ ಪುಸ್ತಕ. ಹಾಡಿನ ಕೊನೆಯಲ್ಲಿ ಅಂಕಿತ ಇರುವುದರಿಂದ ಯಾರದೆಂದು ಗೊತ್ತಾಗುತ್ತಿತ್ತು. ಮೊದಲ ಅಕ್ಷರದಿಂದ ಯಾವುದೆಂದು ಗೊತ್ತಾಗುತ್ತಿತ್ತು.

ಈ ಪಕಾರ ಹಕಾರಗಳ ಕಥೆ ನಮ್ಮ ಜಿಲ್ಲೆಯ ಹೆಂಗಸರಿಗೆ ಪಾಠ ಮಾಡಿ ಹೇಳಬೇಕಾದ್ದಲ್ಲ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಕಡೆ ಉಳಿದವು, ಬಳ್ಳಾರಿಯೂ ಕೂಡ್ಲಿಗಿಯೂ ಮೈಸೂರಿನ ಕಡೆ ಬಂದವು. ಗೆರೆ ಎಳೆದ ಮಾತ್ರಕ್ಕೆ ನೆಂಟಸ್ತನ ಹರಿಯುವುದೇ? ರಾಯದುರ್ಗದಿಂದ ಬಂದ ಸೊಸೆ ಹಾಲಿಗೆ ‘ಪಾಲು’ ಎನ್ನುತ್ತಾಳೆ, ಹಣ್ಣಿಗೆ ‘ಪಂಡು’, ಹಾಡಿಗೆ ‘ಪಾಟ’, ಹಳ್ಳಿಗೆ ‘ಪಲ್ಲೆ’. ತೆಲುಗಿನಲ್ಲಿ ಪಕಾರ ಕದಲಲಿಲ್ಲ. ಅತ್ತೆ ಸೊಸೆ ಒಂದೇ ಆರತಿ ತಟ್ಟೆ ಹಿಡಿದು ನಿಂತಾಗ ಅತ್ತೆಯ ಬಾಯಲ್ಲಿ ‘ಆರತಿ’, ಸೊಸೆಯ ಬಾಯಲ್ಲಿ ‘ಹಾರತಿ’. ಅತ್ತೆಯ ಪುಸ್ತಕದಲ್ಲಿ ಆ ಹಾಡು ಮೊದಲ ಪುಟದಲ್ಲಿ, ಸೊಸೆಯ ಪುಸ್ತಕದಲ್ಲಿ ಕೊನೆಯ ಪುಟದಲ್ಲಿ. ಆದರೂ ಇಬ್ಬರೂ ಕೂಡಿ ಹಾಡುತ್ತಾರೆ.

ಇಷ್ಟನ್ನು ನಾನು ಕನ್ನಡದ್ದೇ ವಿಶೇಷವೆಂದು ತಿಳಿದಿದ್ದೆ. ಇದಕ್ಕೆ ಸರಿಜೋಡಿಯೊಂದು ಬಹುದೂರದ ಜಪಾನಿನಲ್ಲಿದೆ ಎಂದು ಓದಿದಾಗ ಆಶ್ಚರ್ಯವಾಯಿತು. ಅಲ್ಲಿನ ಹೊಸವರ್ಷದ ದಿನಗಳಲ್ಲಿ ಮನೆಮಂದಿ ಕೂತು ಆಡುವ ಒಂದು ಆಟವಿದೆ, ‘ಕರುತಾ’ ಎಂದು. ಅದಕ್ಕೆ ಆಧಾರ 13ನೆಯ ಶತಮಾನದಲ್ಲಿ ಫುಜಿವಾರಾ ನೋ ತೆಯಿಕಾ ಎಂಬ ಕವಿ ಆರಿಸಿದ ನೂರು ಕವಿಗಳ ನೂರು ಹಾಡು. ಅವುಗಳಲ್ಲಿ 21 ಹೆಂಗಸರವು. ಒಂದೊಂದು ಹಾಡಿಗೆ 31 ಅಕ್ಷರ. ಒಬ್ಬರು ಹಾಡನ್ನು ಮೊದಲಿನಿಂದ ಓದುತ್ತಾರೆ. ಆಡುವವರ ಮುಂದೆ ಹರಡಿದ ಚೀಟಿಗಳ ಮೇಲೆ ಹಾಡಿನ ಕೊನೆಯ ಭಾಗ ಮಾತ್ರ ಇರುತ್ತದೆ. ಓದುವವರ ಬಾಯಿಂದ ಮೊದಲ ಅಕ್ಷರ ಬೀಳುವುದೇ ತಡ, ಯಾವ ಹಾಡೆಂದು ತಿಳಿದು ಅದರ ಚೀಟಿಯನ್ನು ಕೈಯಿಂದ ಹೊಡೆದು ತೆಗೆಯಬೇಕು. ಓತ್ಸು ಎಂಬ ಊರಿನ ಓಮಿ ದೇವಾಲಯದಲ್ಲಿ ಪ್ರತಿ ಜನವರಿಯಲ್ಲಿ ಇದರ ದೊಡ್ಡ ಪಂದ್ಯ ನಡೆಯುತ್ತದೆ. ಗೆದ್ದ ಹೆಂಗಸಿಗೆ ‘ರಾಣಿ’ ಎಂಬ ಬಿರುದು.

ಆಟದ ಸ್ವಾರಸ್ಯ ಇರುವುದು ಒಂದೇ ಅಕ್ಷರದಿಂದ ಶುರುವಾಗುವ ಹಾಡುಗಳಲ್ಲಿ. ನೂರರಲ್ಲಿ ಏಳು ಹಾಡುಗಳ ಮೊದಲಕ್ಷರ ಬೇರೆ ಯಾವ ಹಾಡಿಗೂ ಇಲ್ಲ. ಅವನ್ನು ಒಂದೇ ಅಕ್ಷರಕ್ಕೆ ಹಿಡಿಯಬಹುದು. ‘ಅ’ದಿಂದ ಶುರುವಾಗುವ ಹಾಡುಗಳೋ 16. ಅಲ್ಲಿ ಮುಂದಿನ ಅಕ್ಷರಗಳಿಗೆ ಕಿವಿ ಕೊಟ್ಟು ಕಾಯಬೇಕು. ‘ಹ’ದಿಂದ ಶುರುವಾಗುವವು ನಾಲ್ಕು. ಎರಡು ‘ಹರು’ ಎಂದು, ಎರಡು ‘ಹನ’ ಎಂದು. ‘ಹರು’ ಎಂದರೆ ವಸಂತಕಾಲ. ‘ಹನ’ ಎಂದರೆ ಹೂವು! ಹಾಗಾಗಿ ಮೂರನೆಯ ಅಕ್ಷರ ಬೀಳುವವರೆಗೂ ಕೈ ಎತ್ತುವಂತಿಲ್ಲ. ಆ ನಾಲ್ಕರಲ್ಲಿ ಮೂರು ಹೆಂಗಸರ ರಚನೆ. ಒಂದು 7ನೆಯ ಶತಮಾನದಲ್ಲಿ ಸ್ವತಃ ಸಿಂಹಾಸನದಲ್ಲಿ ಕೂತು ಆಳಿದ ಜಿತೋ ಚಕ್ರವರ್ತಿನಿಯದು. ಒಂದು 9ನೆಯ ಶತಮಾನದ ಓನೋ ನೋ ಕೋಮಾಚಿಯದು. ಇನ್ನೊಂದು ಅರಮನೆಯಲ್ಲಿ ಸೇವೆಗಿದ್ದ ಸುವೋ ನೋ ನಯಿಷಿಯದು.

ಇನ್ನು ಆ ‘ಹ’ಕಾರದ ಕಥೆ. ಜಪಾನೀಯರು ತಮ್ಮ ಅಕ್ಷರಗಳನ್ನು ಜೋಡಿಸಿಕೊಳ್ಳುವ ಕ್ರಮ ಹೀಗಿದೆ: ಅ, ಕ, ಸ, ತ, ನ, ಹ, ಮ, ಯ, ರ, ವ. ಹಾಡಿನ ಪಟ್ಟಿ ಮಾಡುವುದೂ, ನಿಘಂಟು ಮಾಡುವುದೂ ಇದೇ ಕ್ರಮದಲ್ಲಿ. ಇದನ್ನು ಎಲ್ಲೋ ಕೇಳಿದ ಹಾಗಿದೆ ಅನ್ನಿಸುವುದಿಲ್ಲವೇ? ಇದು ನಮ್ಮ ವರ್ಣಮಾಲೆಯೇ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಂಸ್ಕೃತದ ಅಕ್ಷರ ಕಲಿತಾಗ, ಸುಮಾರು ಸಾವಿರ ವರ್ಷಗಳ ಹಿಂದೆ, ಈ ಜೋಡಣೆ ಅಲ್ಲಿ ನೆಲೆಯೂರಿತು. ಆದರೆ ನಕಾರಕ್ಕೂ ಮಕಾರಕ್ಕೂ ನಡುವೆ ‘ಹ’ ಏಕೆ ಕೂತಿದೆ? ಅಲ್ಲಿ ನಮ್ಮಲ್ಲಿರುವುದು ‘ಪ’. ಅವರಲ್ಲೂ ಅದು ಮೊದಲು ‘ಪ’ವೇ ಎನ್ನುತ್ತಾರೆ ವಿದ್ವಾಂಸರು. ಹೂವು ಬಹು ಹಿಂದೆ ‘ಪನ’, ಆಮೇಲೆ ‘ಫನ’, ಈಗ ‘ಹನ’. 1603ರಲ್ಲಿ ಪೋರ್ತುಗೀಸ್ ಪಾದ್ರಿಗಳು ನಾಗಸಾಕಿಯಲ್ಲಿ ಅಚ್ಚು ಹಾಕಿದ ಜಪಾನೀ ನಿಘಂಟಿನಲ್ಲಿ ಇಂಥ ಮಾತುಗಳೆಲ್ಲ ಫಕಾರದಲ್ಲಿಯೇ ಇವೆ. ಅಂದರೆ ಆ ರಾಣಿ ಕಟ್ಟಿದ ವಸಂತದ ಹಾಡು ಅವಳ ಬಾಯಲ್ಲಿ ಹಕಾರದ ಹಾಡಾಗಿರಲಿಲ್ಲ. ನಮ್ಮ ‘ಪೂ’ ‘ಹೂ’ ಆದ ದಾರಿಯಲ್ಲೇ ಅವರ ಹೂವೂ ನಡೆದುಬಂದಿದೆ, ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ.

ವ್ಯತ್ಯಾಸ ಒಂದೇ. ನಮ್ಮಲ್ಲಿ ಮಾತುಗಳು ಪಕಾರದ ಮನೆ ಬಿಟ್ಟು ವರ್ಣಮಾಲೆಯ ಕೊನೆಯ ಓಣಿಗೆ ಹೋಗಿ ಬಿಡಾರ ಹೂಡಿದವು. ಅಲ್ಲಿ ಮನೆ ಹಳೆಯದೇ, ಇದ್ದವರೂ ಅವರೇ, ಕರೆಯುವ ಉಸಿರು ಮಾತ್ರ ಬದಲಾಯಿತು. ಹಾಗಾಗಿ ಅವರ ಹಾಡಿನ ಪಟ್ಟಿಯಲ್ಲಿ ಹೂವಿನ ಹಾಡು ಮೊದಲಿದ್ದ ಜಾಗದಲ್ಲೇ ಇದೆ. ನಮ್ಮಲ್ಲಿ ಹಳೆಯ ರೂಪ ಬೇಕಾದವರು ಕಿಟ್ಟೆಲರ 1894ರ ನಿಘಂಟನ್ನು ತೆಗೆಯಬೇಕು. ಅದರಲ್ಲಿ ಹಕಾರದ ಮಾತುಗಳನ್ನು ನೋಡಿದರೆ ಪಕ್ಕದಲ್ಲೇ ಹಳೆಯ ಪಕಾರದ ರೂಪಕ್ಕೆ ದಾರಿ ತೋರಿಸಿದ್ದಾರೆ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಹಕಾರದ ನಡಿಗೆ ಇನ್ನೂ ನಿಂತಿಲ್ಲ. ಚಿತ್ರದುರ್ಗ, ತುಮಕೂರು ಕಡೆಯ ಹಳ್ಳಿಮಾತಿನಲ್ಲಿ ಆ ಉಸಿರೂ ಬಿದ್ದುಹೋಗಿ ಹಾಲು ‘ಆಲು’, ಹಳ್ಳಿ ‘ಅಳ್ಳಿ’, ಹಾಡು ‘ಆಡು’ ಆಗುತ್ತದೆ. ಆ ಕಡೆಯಿಂದ ನಮ್ಮ ಊರಿಗೆ ಬಂದ ಸೊಸೆಯರೂ ಅವರ ಮಕ್ಕಳೂ ಹಾಗೆಯೇ ಮಾತಾಡುತ್ತಾರೆ. ಪಕಾರ ಹಕಾರವಾದದ್ದನ್ನು ನಾವು ಪಾಠದಲ್ಲಿ ‘ಧ್ವನಿ ವ್ಯತ್ಯಾಸ’ ಎಂದು ಗೌರವದಿಂದ ಕಲಿಸುತ್ತೇವೆ. ಹಕಾರ ಅಕಾರವಾದರೆ ‘ಹಳ್ಳಿ ಗಮಾರಿ’ ಎಂದು ನಗುತ್ತೇವೆ. ಮೊದಲನೆಯದಕ್ಕೆ ಪರೀಕ್ಷೆಯಲ್ಲಿ ಅಂಕ, ಎರಡನೆಯದಕ್ಕೆ ಕೆಂಪು ಗೆರೆ.

ಒಂದು ಶಾಲೆಯ ಜಾನಪದ ಗೀತೆಯ ಸ್ಪರ್ಧೆಯಲ್ಲಿ ನಡೆದದ್ದನ್ನು ನಾನು ಮರೆತಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ಕಲಿತ ಹಸೆಯ ಹಾಡು ಹೇಳಿದಳು. ನಾನು ಅಲ್ಲಿಯವರೆಗೆ ಎಲ್ಲೂ ಕೇಳದ ಹಾಡು, ಎಳೆದು ಎಳೆದು ಹೇಳುವ ಧಾಟಿ. ಆದರೆ ಆಕೆಯ ಬಾಯಲ್ಲಿ ‘ಹಸೆ’ ‘ಅಸೆ’ ಆಗಿತ್ತು. ತೀರ್ಪುಗಾರರಲ್ಲಿ ಒಬ್ಬರು ನಡುವೆಯೇ ನಿಲ್ಲಿಸಿ, “ಮೊದಲು ಅಕ್ಷರ ಕಲಿತುಕೊಂಡು ಬಾ, ಆಮೇಲೆ ಹಾಡುವಿಯಂತೆ” ಎಂದರು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಕಾರ್ಯಕ್ರಮ ಮುಗಿದ ಮೇಲೆ ನಾನು ಅವರ ಬಳಿಗೆ ಹೋಗಿ, “ಸರ್, ಜಾನಪದ ಗೀತೆಯನ್ನು ಜಾನಪದದ ಬಾಯಲ್ಲಿ ಕೇಳುವುದು ಬೇಡವೇ? ಪಸೆ ಹಸೆಯಾದಾಗ ಯಾರು ಯಾರಿಗೆ ಅಂಕ ಕಡಿದಿದ್ದರು?” ಎಂದೆ. ಉಚ್ಚಾರಣೆಗೆ ಇಂತಿಷ್ಟು ಅಂಕವೆಂದು ನಿಯಮವಿದೆ ಮೇಡಂ ಎಂದು ಅವರು ಕಾಗದ ತೋರಿಸಿದರು.

ಆ ಹುಡುಗಿ ಆಮೇಲೆ ಶಾಲೆಯಲ್ಲಿ ಹಾಡಲಿಲ್ಲ. ಅಜ್ಜಿ ತೀರಿಕೊಂಡಳು. ಅಜ್ಜಿಗೆ ಓದು ಬರಹ ಇರಲಿಲ್ಲವಾದ್ದರಿಂದ ಪೆಟ್ಟಿಗೆಯಲ್ಲಿ ಪುಸ್ತಕವೂ ಇರಲಿಲ್ಲ. ಹುಡುಗಿಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಒಮ್ಮೆ ಜಾತ್ರೆಯಲ್ಲಿ ಸಿಕ್ಕಳು. ಆ ಹಾಡು ಹೇಳವ್ವ ಎಂದೆ. ಧಾಟಿ ಗುನುಗಿದಳು. ನಡುವಿನ ಒಂದೆರಡು ನುಡಿ ಬಂದವು. “ಸುರೂದು ಮರ್ತೇ ಹೋಗೇತಿ ಟೀಚರ್, ಎತ್ಕೊಳ್ಳಾಕ ಬರವಲ್ದು” ಎಂದಳು. ಸರಿಯಾದ ಹಕಾರ ಹಚ್ಚಿಯೇ ‘ಹೋಗೇತಿ’ ಎಂದಳು. ಅಕ್ಷರ ಕಲಿತಿದ್ದಳು, ಹಾಡು ಹೋಗಿತ್ತು.

ಹಾಡು ಹೋಗುವುದಕ್ಕೆ ಬೇರೆ ಕಾರಣಗಳೂ ಇವೆ. ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಬೀಸುವ ಪದ ಯಾರಿಗೆ ಬೇಕು? ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸದಿದ್ದರೆ ಎಷ್ಟೋ ತ್ರಿಪದಿಗಳು ಹಿಟ್ಟಿನ ಜೊತೆ ಉದುರಿಹೋಗುತ್ತಿದ್ದವು. ಕಣದಲ್ಲಿ ಎತ್ತು ಸಾಲುಕಟ್ಟಿ ತುಳಿಸುವಾಗ ಗಂಡಸರು ಹೇಳುತ್ತಿದ್ದ ಹಂತಿ ಪದಗಳೂ ಅಷ್ಟೆ. ರಾತ್ರಿಯೆಲ್ಲ ಕೇಳುತ್ತಿದ್ದ ‘ಹುಲಿಗ್ಯೋ’ ಎಂಬ ಕೂಗು ಒಕ್ಕುವ ಯಂತ್ರ ಬಂದ ಮೇಲೆ ನಿಂತಿತು. ಕೆಲಸವೇ ಹೋದಾಗ ಹಾಡನ್ನು ಹಿಡಿದು ನಿಲ್ಲಿಸುವುದು ಕಷ್ಟ. ಆದರೆ ಹಸೆಗೆ ಕರೆಯುವುದು, ಹೂ ಮುಡಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಕೆಲಸ ಇದ್ದೂ ಹಾಡು ಹೋದರೆ ಅದಕ್ಕೆ ಯಂತ್ರವನ್ನು ದೂರುವಂತಿಲ್ಲ.

ಈಗ ನಾನು ಹಾಡು ಬರೆದುಕೊಳ್ಳುವಾಗ ಹೇಳಿದವರ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತೇನೆ. ಅಸೆ ಎಂದರೆ ಅಸೆ, ಹಾರತಿ ಎಂದರೆ ಹಾರತಿ. ಪಕ್ಕದಲ್ಲಿ ಸಣ್ಣದಾಗಿ, ಅಚ್ಚಿನ ಪುಸ್ತಕದಲ್ಲಿ ಹುಡುಕುವವರಿಗೆಂದು, ಇನ್ನೊಂದು ರೂಪ. ಒಂದೇ ಹಾಡು ಎರಡು ಅಕ್ಷರದ ಕೆಳಗೆ ಕೂತರೆ ನಷ್ಟವೇನು? ಎಲ್ಲಿ ಹುಡುಕಿದರೂ ಸಿಗುತ್ತದೆ. ನಿಮ್ಮ ಮನೆಯ ಹಿರಿಯರು ಹಾಡು ಹೇಳುತ್ತಿದ್ದರೆ ನೀವೂ ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ಇಡೀ ಹಾಡು ಬರೆದುಕೊಳ್ಳಲು ಪುರುಸೊತ್ತು ಇಲ್ಲದಿದ್ದರೆ ಮೊದಲ ಸೊಲ್ಲನ್ನಾದರೂ ಬರೆದುಕೊಳ್ಳಿ, ಅವರು ಅಂದ ಹ, ಅವರು ಅಂದ ಅ, ಹೇಗಿತ್ತೋ ಹಾಗೆ. ಉಳಿದದ್ದನ್ನು ಎತ್ತಿಕೊಡುವವರು ಓಣಿಯಲ್ಲಿ ಇನ್ನೂ ಒಬ್ಬರೋ ಇಬ್ಬರೋ ಇದ್ದಾರೆ.